ಪುಸ್ತಕ ಎರವಲು ಸ್ಕ್ರಿಪ್ಟಿಗೆ ಟೆಸ್ಟ್ ಬರೆದ ಎರಡು ವಾರ

ದಿನ 1

ಎರವಲು ಕೊಟ್ಟ ಪುಸ್ತಕಗಳ ಲೆಕ್ಕ ಇಡಲು ನಾನೊಂದು ಸಣ್ಣ ವೆಬ್‌ಸೈಟ್ ನಡೆಸುತ್ತಿದ್ದೇನೆ. ಪಿಎಚ್‌ಪಿ ಭಾಷೆ ಮತ್ತು ಮೈಎಸ್‌ಕ್ಯೂಎಲ್ ಡೇಟಾಬೇಸ್, ಅಷ್ಟೇ. ಫ್ರೇಮ್‌ವರ್ಕ್ ಇಲ್ಲ. ಒಂದು ಪುಟಕ್ಕೆ ಒಂದು ಫೈಲ್. ಮೇಲೆ ಡೇಟಾಬೇಸ್ ಕನೆಕ್ಷನ್, ನಡುವೆ ಲೆಕ್ಕಾಚಾರ, ಕೆಳಗೆ ಎಚ್‌ಟಿಎಂಎಲ್.

ಇಲ್ಲಿಯವರೆಗೆ ಏನು ಬದಲಾಯಿಸಿದರೂ ಬ್ರೌಸರ್ ತೆರೆದು ಕ್ಲಿಕ್ ಮಾಡಿ ನೋಡುತ್ತಿದ್ದೆ. ಹೋದ ತಿಂಗಳು ವಾಪಸ್ ಪುಟದಲ್ಲಿ ಒಂದು ಸಾಲು ಬದಲಾಯಿಸಿದೆ. ಆ ಪುಟ ಸರಿಯಾಗಿತ್ತು. ಆದರೆ ಅದೇ ಫೈಲನ್ನು ಬಳಸುವ ಎರವಲು ಪುಟ ಕೆಟ್ಟಿತ್ತು. ಗೊತ್ತಾಗಿದ್ದು ಎರಡು ದಿನದ ನಂತರ, ಒಬ್ಬರು ಪುಸ್ತಕ ತೆಗೆದುಕೊಳ್ಳಲು ಬಂದಾಗ. ಆವತ್ತೇ ತೀರ್ಮಾನ ಮಾಡಿದೆ, ಇದಕ್ಕೆ ಟೆಸ್ಟ್, ಅಂದರೆ ನನ್ನ ಕೋಡ್ ಸರಿಯಾದ ಉತ್ತರ ಕೊಡುತ್ತದಾ ಅಂತ ತಾನಾಗಿ ನೋಡುವ ಕೋಡ್, ಬರೆಯಲೇಬೇಕು ಅಂತ.

ಪಿಎಚ್‌ಪಿ ಪ್ಯಾಕೇಜ್‌ಗಳನ್ನು ತರುವ ಕಂಪೋಸರ್ ಮೂಲಕ, ಟೆಸ್ಟ್ ಓಡಿಸುವ ಪಿಎಚ್‌ಪಿಯೂನಿಟ್ ಹಾಕಿದೆ. ಮೊದಲ ತೊಡಕು ವರ್ಷನ್‌ನದ್ದು. ನನ್ನ ಲ್ಯಾಪ್‌ಟಾಪ್‌ನಲ್ಲಿ ಪಿಎಚ್‌ಪಿ 8.3 ಇದೆ, ಸರ್ವರ್‌ನಲ್ಲಿ 8.2. ಪಿಎಚ್‌ಪಿಯೂನಿಟ್ 12ಕ್ಕೆ 8.3 ಬೇಕೇ ಬೇಕು, 11ಕ್ಕೆ 8.2 ಸಾಕು. ಸುಮ್ನೆ ಹಾಕಿದರೆ ಕಂಪೋಸರ್ ಲ್ಯಾಪ್‌ಟಾಪ್ ನೋಡಿ 12 ತರುತ್ತದೆ. ಹಾಗಾಗಿ ಕಂಪೋಸರ್ ಫೈಲಿನ ಕಾನ್ಫಿಗ್‌ನಲ್ಲಿ ಪ್ಲಾಟ್‌ಫಾರ್ಮ್ ಪಿಎಚ್‌ಪಿ 8.2 ಅಂತ ಬರೆದೆ. ಈಗ 11 ಬಂತು. ಇದರಿಂದ ಇನ್ನೊಂದು ಅನುಕೂಲ ಇದೆ: ಬೇರೆ ಯಾವ ಪ್ಯಾಕೇಜ್ ಹಾಕಿದರೂ ಸರ್ವರ್‌ನಲ್ಲಿ ಓಡುವಂಥದ್ದೇ ಬರುತ್ತದೆ.

ಮೊದಲ ಟೆಸ್ಟ್ ಬರೆದು ರನ್ ಮಾಡಿದೆ. ಒಂದೂ ಟೆಸ್ಟ್ ಓಡಿಲ್ಲ ಅಂತ ಬಂತು. ಫೈಲಿನ ಹೆಸರಿನ ಶುರುವಿನಲ್ಲಿ 'ಟೆಸ್ಟ್' ಅಂತ ಇಟ್ಟಿದ್ದೆ. ಅದು ಕೊನೆಯಲ್ಲಿ ಇರಬೇಕು. ಒಳಗಿನ ಮೆಥಡ್ ಹೆಸರಿಗೆ ಮಾತ್ರ ಶುರುವಿನಲ್ಲಿ. ಸರಿಮಾಡಿದೆ. ಒಂದೂ ಟೆಸ್ಟ್ ಸಿಗದಿದ್ದರೆ ಅದನ್ನು ಫೇಲ್ ಅಂತಲೇ ಎಣಿಸುವ ಸೆಟ್ಟಿಂಗ್ ಇದೆ, ಅದನ್ನೂ ಹಾಕಿದೆ.

ದಿನ 2

ಇಡೀ ಪುಟವನ್ನೇ ಟೆಸ್ಟಿನೊಳಗೆ ಇನ್‌ಕ್ಲೂಡ್ ಮಾಡಿ ನೋಡಿದೆ. ಟರ್ಮಿನಲ್‌ನಲ್ಲಿ ಎರಡು ಚುಕ್ಕೆ ಬಂದವು (ಪಾಸಾದ ಒಂದೊಂದು ಟೆಸ್ಟಿಗೆ ಒಂದು ಚುಕ್ಕೆ), ಅಲ್ಲಿಗೆ ನಿಂತಿತು. ಎಷ್ಟು ಪಾಸ್, ಎಷ್ಟು ಫೇಲ್, ಏನೂ ಇಲ್ಲ.

ಕಾರಣ ಹುಡುಕಲು ಅರ್ಧ ಗಂಟೆ ಹಿಡಿಯಿತು. ಫಾರ್ಮ್ ಸೇವ್ ಆದ ಮೇಲೆ ಪುಟ ಇನ್ನೊಂದು ಪುಟಕ್ಕೆ ಕಳಿಸುತ್ತದೆ, ಅದರ ಮುಂದಿನ ಸಾಲಿನಲ್ಲೇ 'ಎಕ್ಸಿಟ್' ಇದೆ. ಬ್ರೌಸರ್‌ಗೆ ಅದು ಸರಿ. ಆದರೆ ಟೆಸ್ಟ್ ಮತ್ತು ನನ್ನ ಸ್ಕ್ರಿಪ್ಟ್ ಒಂದೇ ಪ್ರೊಸೆಸ್‌ನಲ್ಲಿ ಓಡುತ್ತಿವೆ. ಸ್ಕ್ರಿಪ್ಟ್ ಎಕ್ಸಿಟ್ ಅಂದರೆ ಟೆಸ್ಟ್ ಓಡಿಸುವ ಪ್ರೋಗ್ರಾಮೂ ನಿಂತಿತು. ಅದೂ ಅಲ್ಲದೆ, ಕಮಾಂಡ್ ಲೈನ್‌ನಲ್ಲಿ ಓಡುವ ಪಿಎಚ್‌ಪಿಯಲ್ಲಿ ಯಾವ ಹೆಡರ್ (ಪುಟದ ಜೊತೆ ಬ್ರೌಸರ್‌ಗೆ ಹೋಗುವ ಸೂಚನೆ, ರೀಡೈರೆಕ್ಟ್ ಕೂಡ ಇದರಲ್ಲೇ) ಹೋಯಿತು ಅಂತ ಕೇಳಿದರೆ ಖಾಲಿ ಪಟ್ಟಿ ಸಿಗುತ್ತದೆ. ಅಂದರೆ ರೀಡೈರೆಕ್ಟ್ ಆಯಿತೋ ಇಲ್ಲವೋ ಅಂತ ಈ ದಾರಿಯಲ್ಲಿ ನೋಡಲು ಆಗುವುದಿಲ್ಲ.

ಹಾಗಾಗಿ ಎರಡು ಭಾಗ ಮಾಡಿಕೊಂಡೆ. ಲೆಕ್ಕಾಚಾರವನ್ನೆಲ್ಲ ಪುಟದಿಂದ ಹೊರಗೆ ತೆಗೆದು ಫಂಕ್ಷನ್ ಮಾಡುವುದು, ಅವನ್ನು ನೇರವಾಗಿ ಟೆಸ್ಟ್ ಮಾಡುವುದು. ಪುಟಗಳನ್ನು ಆಮೇಲೆ ನಿಜವಾದ ಸರ್ವರ್ ಮೂಲಕ ನೋಡುವುದು.

ದಿನ 4

ಮೊದಲು ಹೊರಗೆ ತೆಗೆದಿದ್ದು 'ಎಷ್ಟು ದಿನ ತಡ' ಅನ್ನುವ ಲೆಕ್ಕ. ಹಳೆಯ ಕೋಡ್ ಇವತ್ತಿನ ದಿನಾಂಕವನ್ನು ಒಳಗೇ ಕೇಳಿಕೊಳ್ಳುತ್ತಿತ್ತು. ಹಾಗಿದ್ದರೆ ಇವತ್ತು ಪಾಸ್ ಆದ ಟೆಸ್ಟ್ ನಾಳೆ ಫೇಲ್ ಆಗುತ್ತದೆ. ಆದ್ದರಿಂದ ವಾಪಸ್ ಬಂದ ದಿನವನ್ನು ಹೊರಗಿನಿಂದ ಕೊಡುವ ಹಾಗೆ ಮಾಡಿದೆ. ಸಣ್ಣ ಬದಲಾವಣೆ, ಆದರೆ ಈ ಎರಡು ವಾರದಲ್ಲಿ ಇಷ್ಟು ಕೆಲಸಕ್ಕೆ ಬಂದದ್ದು ಬೇರೆ ಇಲ್ಲ.

ಟೆಸ್ಟ್ ಬರೆದೆ. ಮಾರ್ಚ್ 1ಕ್ಕೆ ಕೊಡಬೇಕಿತ್ತು, ಮಾರ್ಚ್ 6ಕ್ಕೆ ಬಂತು: 5 ದಿನ. ಪಾಸ್. ಮಾರ್ಚ್ 1ಕ್ಕೆ ಕೊಡಬೇಕಿತ್ತು, ಏಪ್ರಿಲ್ 10ಕ್ಕೆ ಬಂತು: 40 ದಿನ. ಫೇಲ್. ಫಂಕ್ಷನ್ ಕೊಟ್ಟ ಉತ್ತರ 9.

ನಾನೇ ಎಣಿಸುವುದರಲ್ಲಿ ತಪ್ಪಿದೆನಾ ಅಂತ ಬೆರಳು ಮಡಚಿ ಮತ್ತೆ ಎಣಿಸಿದೆ. 40 ಸರಿ. ಆಮೇಲೆ ಕೋಡ್ ನೋಡಿದೆ. ಎರಡು ದಿನಾಂಕಗಳ ವ್ಯತ್ಯಾಸ ಕೇಳಿದಾಗ ಪಿಎಚ್‌ಪಿ ಒಂದು ಆಬ್ಜೆಕ್ಟ್ ಕೊಡುತ್ತದೆ. ಅದರಲ್ಲಿ 'ಡಿ' ಅಂತ ಒಂದಿದೆ, 'ಡೇಸ್' ಅಂತ ಇನ್ನೊಂದಿದೆ. 'ಡೇಸ್' ಒಟ್ಟು ದಿನ. 'ಡಿ' ಅಂದರೆ ವರ್ಷ, ತಿಂಗಳು ಕಳೆದು ಉಳಿದ ದಿನ. ಮಾರ್ಚ್ 1ರಿಂದ ಏಪ್ರಿಲ್ 10 ಅಂದರೆ 1 ತಿಂಗಳು, 9 ದಿನ. ನಾನು ಬರೆದಿದ್ದು 'ಡಿ'.

ಇಷ್ಟು ದಿನ ಬ್ರೌಸರ್‌ನಲ್ಲಿ ಪರೀಕ್ಷೆ ಮಾಡುವಾಗ ನಾನು ಹಾಕುತ್ತಿದ್ದದ್ದು ಮೂರು ದಿನ, ಐದು ದಿನ ತಡದ ಉದಾಹರಣೆ. ತಿಂಗಳು ದಾಟಿದ ಪುಸ್ತಕವನ್ನು ಒಂದು ಸಲವೂ ಹಾಕಿ ನೋಡಿರಲಿಲ್ಲ. ಅಂದರೆ ಜಾಸ್ತಿ ತಡ ಮಾಡಿದವರ ಲೆಕ್ಕವೇ ಕಡಿಮೆ ತೋರಿಸುತ್ತಿತ್ತು.

'ಡೇಸ್' ಹಾಕಿದೆ. ಆಗ ಇನ್ನೊಂದು ಟೆಸ್ಟ್ ಫೇಲ್ ಆಯಿತು. ಮೂರು ದಿನ ಮುಂಚೆಯೇ ವಾಪಸ್ ಕೊಟ್ಟವರಿಗೆ 3 ದಿನ ತಡ ಅಂತ ಬಂತು. 'ಡೇಸ್' ಯಾವಾಗಲೂ ಪಾಸಿಟಿವ್ ಸಂಖ್ಯೆಯೇ. ಹಿಂದಕ್ಕೋ ಮುಂದಕ್ಕೋ ಅನ್ನುವುದು 'ಇನ್ವರ್ಟ್' ಅನ್ನುವ ಬೇರೆ ಜಾಗದಲ್ಲಿದೆ. ಅದನ್ನೂ ನೋಡಿಕೊಂಡೆ. ಮೂರನೆಯದು ಗಂಟೆಯ ವಿಷಯ. ಗಡುವು ಸಂಜೆ 5ಕ್ಕೆ, ಪುಸ್ತಕ ಬಂದದ್ದು ಮರುದಿನ ಬೆಳಿಗ್ಗೆ 10ಕ್ಕೆ. 17 ಗಂಟೆ ಆಗಿದೆ, ಪೂರ್ತಿ ದಿನ ಆಗಿಲ್ಲ, ಹಾಗಾಗಿ ತಡ 0. ನಮ್ಮ ಲೆಕ್ಕದಲ್ಲಿ ದಿನ ಬದಲಾದರೆ ಒಂದು ದಿನ ತಡ. ಎರಡೂ ದಿನಾಂಕಗಳ ಸಮಯವನ್ನು ಮಧ್ಯರಾತ್ರಿಗೆ ಇಟ್ಟು ಆಮೇಲೆ ವ್ಯತ್ಯಾಸ ತೆಗೆದೆ.

ಈ ಎಲ್ಲ ಉದಾಹರಣೆಗಳನ್ನು ಒಂದೇ ಡೇಟಾ ಪ್ರೊವೈಡರ್‌ಗೆ, ಅಂದರೆ ಒಂದೇ ಟೆಸ್ಟನ್ನು ಸಾಲು ಸಾಲಾಗಿ ಓಡಿಸುವ ಪಟ್ಟಿಗೆ, ಹಾಕಿದ್ದೇನೆ. ಈಗ 11 ಸಾಲು ಇವೆ. ಫೆಬ್ರವರಿ 29 ಕೂಡ ಇದೆ. ಪ್ರತಿ ಸಾಲಿಗೂ ಒಂದು ಹೆಸರು ಕೊಡಬಹುದು, ಕೊಡಿ. ಫೇಲ್ ಆದಾಗ 'ಸಾಲು 7' ಅಂತ ಬರುವುದಕ್ಕಿಂತ 'ತಿಂಗಳು ದಾಟಿದ ಪುಸ್ತಕ' ಅಂತ ಬಂದರೆ ಎಷ್ಟು ಸುಲಭ, ಅಲ್ವಾ?

ದಿನ 6

ಡೇಟಾಬೇಸ್ ಮುಟ್ಟುವ ಟೆಸ್ಟ್‌ಗಳು. ಮೆಮೊರಿಯಲ್ಲೇ ಇರುವ ಎಸ್‌ಕ್ಯೂಲೈಟ್ ಅನ್ನುವ ಸಣ್ಣ ಡೇಟಾಬೇಸ್ ಬಳಸೋಣ ಅಂತ ಮೊದಲು ಅಂದುಕೊಂಡೆ. ತುಂಬಾ ವೇಗ. ಆದರೆ ಅದರಲ್ಲಿ ಫಾರಿನ್ ಕೀ ತಪಾಸಣೆ (ಒಂದು ಟೇಬಲ್ ಸೂಚಿಸುವ ಸಾಲು ಇನ್ನೊಂದು ಟೇಬಲ್‌ನಲ್ಲಿ ನಿಜಕ್ಕೂ ಇದೆಯಾ ಅನ್ನುವುದು) ನಾವಾಗಿ ಆನ್ ಮಾಡದಿದ್ದರೆ ಸಾಮಾನ್ಯವಾಗಿ ಆಫ್ ಇರುತ್ತದೆ. ಸಂಖ್ಯೆಯ ಕಾಲಂಗೆ ಅಕ್ಷರ ಹಾಕಿದರೂ ಒಪ್ಪಿಕೊಳ್ಳುತ್ತದೆ. ನನ್ನ ಸರ್ವರ್‌ನಲ್ಲಿರುವುದು ಮೈಎಸ್‌ಕ್ಯೂಎಲ್. ಅಲ್ಲಿ ಬೀಳುವ ಎರರ್ ಇಲ್ಲಿ ಬೀಳದಿದ್ದರೆ ಟೆಸ್ಟ್ ಬರೆದು ಏನು ಬಂತು? ಮೈಎಸ್‌ಕ್ಯೂಎಲ್‌ನಲ್ಲೇ ಟೆಸ್ಟಿಗೆಂದು ಬೇರೆ ಡೇಟಾಬೇಸ್ ಮಾಡಿದೆ.

ಅದರ ಹೆಸರನ್ನು ಪಿಎಚ್‌ಪಿಯೂನಿಟ್‌ನ ಎಕ್ಸ್‌ಎಂಎಲ್ ಸೆಟ್ಟಿಂಗ್ ಫೈಲಿನಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಮಿಗೆ ಹೊರಗಿನಿಂದ ಕೊಡುವ ಮೌಲ್ಯ) ಆಗಿ ಕೊಟ್ಟೆ. ರನ್ ಮಾಡಿದೆ. ಎಲ್ಲ ಪಾಸ್. ಬ್ರೌಸರ್‌ಗೆ ಹೋಗಿ ನೋಡಿದರೆ ಲ್ಯಾಪ್‌ಟಾಪ್‌ನಲ್ಲಿದ್ದ ಪುಸ್ತಕಗಳ ಪಟ್ಟಿ ಖಾಲಿ! ಎದೆ ಧಸಕ್ ಅಂದಿತು. ಪುಣ್ಯಕ್ಕೆ ಅದು ಲೈವ್ ಅಲ್ಲ, ಕೆಲಸಕ್ಕೆ ಇಟ್ಟುಕೊಂಡಿದ್ದ ಕಾಪಿ.

ಆಗಿದ್ದು ಇಷ್ಟು. ಟೆಸ್ಟ್ ರನ್ ಶುರುವಾಗುವಾಗ ಟೇಬಲ್‌ಗಳನ್ನು ಖಾಲಿ ಮಾಡುತ್ತದೆ. ಬೆಳಿಗ್ಗೆ ಅದೇ ಟರ್ಮಿನಲ್‌ನಲ್ಲಿ ಅದೇ ವೇರಿಯಬಲ್‌ಗೆ ಕೆಲಸದ ಡೇಟಾಬೇಸ್ ಹೆಸರು ಕೊಟ್ಟಿದ್ದೆ. ಮೊದಲೇ ಇರುವ ವೇರಿಯಬಲ್ ಅನ್ನು ಎಕ್ಸ್‌ಎಂಎಲ್ ಫೈಲ್ ಬದಲಾಯಿಸುವುದಿಲ್ಲ. 'ಫೋರ್ಸ್' ಅಂತ ಸ್ಪಷ್ಟವಾಗಿ ಹೇಳಿದರೆ ಮಾತ್ರ ಬದಲಾಯಿಸುತ್ತದೆ. ಫೋರ್ಸ್ ಹಾಕಿದೆ. ಅಷ್ಟಕ್ಕೇ ಬಿಡಲಿಲ್ಲ. ಟೆಸ್ಟ್ ಶುರುವಾಗುವ ಮೊದಲು ಓಡುವ ಬೂಟ್‌ಸ್ಟ್ರಾಪ್ ಫೈಲಿನಲ್ಲಿ ಒಂದು ಕಾವಲು ಇಟ್ಟೆ: ಡೇಟಾಬೇಸ್ ಹೆಸರಿನ ಕೊನೆಯಲ್ಲಿ 'ಟೆಸ್ಟ್' ಇಲ್ಲದಿದ್ದರೆ ಅಲ್ಲೇ ನಿಲ್ಲು. ನೀವು ಇವತ್ತೇ ಟೆಸ್ಟ್ ಶುರು ಮಾಡುವವರಾದರೆ, ಮೊದಲ ಟೆಸ್ಟಿಗಿಂತ ಮುಂಚೆ ಈ ಕಾವಲು ಬರೆಯಿರಿ.

ದಿನ 8

ಪ್ರತಿ ಟೆಸ್ಟಿನ ಶುರುವಿನಲ್ಲಿ ಟ್ರಾನ್ಸಾಕ್ಷನ್ ತೆರೆಯುವುದು (ಕಮಿಟ್ ಮಾಡುವವರೆಗೆ ಬರೆದದ್ದು ಪಕ್ಕಾ ಆಗುವುದಿಲ್ಲ), ಕೊನೆಯಲ್ಲಿ ರೋಲ್‌ಬ್ಯಾಕ್ ಮಾಡುವುದು, ಅಂದರೆ ಬರೆದದ್ದನ್ನೆಲ್ಲ ವಾಪಸ್ ತೆಗೆಯುವುದು. ಹೀಗೆ ಮಾಡಿದರೆ ಟೇಬಲ್‌ಗಳು ಮತ್ತೆ ಖಾಲಿ. ಎಲ್ಲ ಪಾಸ್ ಆಗುತ್ತಿತ್ತು. ಸುಮ್ನೆ ನೋಡೋಣ ಅಂತ ಟೆಸ್ಟ್‌ಗಳ ಕ್ರಮವನ್ನು ರ‍್ಯಾಂಡಮ್ ಮಾಡಿದೆ. ಒಂದು ಫೇಲ್. ಮತ್ತೆ ರನ್ ಮಾಡಿದೆ, ಪಾಸ್. ಮತ್ತೆ ಮಾಡಿದೆ, ಫೇಲ್.

ರ‍್ಯಾಂಡಮ್ ಕ್ರಮದಲ್ಲಿ ಓಡಿಸಿದಾಗ ಒಂದು ಸೀಡ್ ಸಂಖ್ಯೆ ತೋರಿಸುತ್ತದೆ. ಅದನ್ನೇ ವಾಪಸ್ ಕೊಟ್ಟರೆ ಅದೇ ಕ್ರಮ ಮತ್ತೆ ಬರುತ್ತದೆ. ಫೇಲ್ ಆದ ಸೀಡ್ ಹಿಡಿದು ಕೂತೆ. 'ಯಾರ ಬಳಿಯೂ ಪುಸ್ತಕ ಇಲ್ಲ' ಅನ್ನುವ ಟೆಸ್ಟ್, 'ಒಂದು ಪುಸ್ತಕ ಎರವಲು ಕೊಡು' ಅನ್ನುವ ಟೆಸ್ಟಿನ ನಂತರ ಬಂದರೆ ಮಾತ್ರ ಫೇಲ್. ಅಂದರೆ ಆ ಒಂದು ಸಾಲು ಟೇಬಲ್‌ನಲ್ಲಿ ಉಳಿದುಬಿಡುತ್ತಿದೆ. ರೋಲ್‌ಬ್ಯಾಕ್ ಆದ ಮೇಲೂ!

ರೋಲ್‌ಬ್ಯಾಕ್ ಎರರ್ ಕೊಡುತ್ತಿಲ್ಲ. ಕನೆಕ್ಷನ್ ಒಂದೇ. ಟೆಸ್ಟಿನೊಳಗೆ ಟೇಬಲ್ ಸೃಷ್ಟಿಸುವ ಕಮಾಂಡ್ ಇದೆಯಾ ನೋಡಿದೆ, ಯಾಕೆಂದರೆ ಮೈಎಸ್‌ಕ್ಯೂಎಲ್‌ನಲ್ಲಿ ಟೇಬಲ್ ಸೃಷ್ಟಿಸಿದರೂ, ಟ್ರಂಕೇಟ್ ಕಮಾಂಡ್‌ನಿಂದ ಖಾಲಿ ಮಾಡಿದರೂ ಟ್ರಾನ್ಸಾಕ್ಷನ್ ಅಲ್ಲಿಗೇ ಕಮಿಟ್ ಆಗಿಬಿಡುತ್ತದೆ. ಅಂಥದ್ದೇನೂ ಇರಲಿಲ್ಲ. ಕೊನೆಗೆ ಟೇಬಲ್‌ನ ವಿವರ ತೆಗೆದು ನೋಡಿದೆ. ಎಂಜಿನ್ (ಟೇಬಲ್‌ನ ಡೇಟಾ ಇಡುವ ವಿಧಾನ) ಅನ್ನುವ ಜಾಗದಲ್ಲಿ ಮೈಐಸ್ಯಾಮ್ ಅಂತ ಇತ್ತು.

ಮೈಐಸ್ಯಾಮ್‌ಗೆ ಟ್ರಾನ್ಸಾಕ್ಷನ್ ಗೊತ್ತೇ ಇಲ್ಲ. ಬರೆದ ಸಾಲು ಆಗಲೇ ಪಕ್ಕಾ. 2010ರಲ್ಲಿ ಬಂದ ಮೈಎಸ್‌ಕ್ಯೂಎಲ್ 5.5ರಿಂದ ಹೊಸ ಟೇಬಲ್‌ಗಳಿಗೆ ಟ್ರಾನ್ಸಾಕ್ಷನ್ ಗೊತ್ತಿರುವ ಇನ್ನೋಡಿಬಿಯೇ ಬರುತ್ತದೆ. ಆದರೆ ಈ ಟೇಬಲ್‌ನ ರಚನೆಯನ್ನು ನಾನು ತುಂಬಾ ಹಳೆಯ ಒಂದು ಡಂಪ್‌ನಿಂದ (ಡೇಟಾಬೇಸಿನ ನಕಲು ಫೈಲ್) ತಂದಿದ್ದೆ, ಅದರಲ್ಲಿ ಎಂಜಿನ್ ಹೆಸರು ಬರೆದೇ ಇತ್ತು. ಲೈವ್ ಸೈಟ್‌ನಲ್ಲೂ ಅದೇ. ಅಂದರೆ ಎರವಲು ಬರೆಯುವಾಗ ನಡುವೆ ತಪ್ಪಾದರೆ ಎಲ್ಲ ವಾಪಸ್ ಹೋಗುತ್ತದೆ ಅಂತ ನಾನು ನಂಬಿಕೊಂಡಿದ್ದೆನಲ್ಲ, ಆ ಟೇಬಲ್‌ನಲ್ಲಿ ಅದು ಒಂದು ದಿನವೂ ನಡೆದಿರಲಿಲ್ಲ. ಬ್ಯಾಕಪ್ ತೆಗೆದುಕೊಂಡು ಎರಡೂ ಕಡೆ ಇನ್ನೋಡಿಬಿಗೆ ಬದಲಾಯಿಸಿದೆ. ರ‍್ಯಾಂಡಮ್ ಕ್ರಮವನ್ನು ಇನ್ನು ಮುಂದೆ ಖಾಯಂ ಮಾಡಿದ್ದೇನೆ.

ದಿನ 9

ಸಣ್ಣ ಕೆಲಸ. ಕಮಾಂಡ್ ಲೈನ್ ಪಿಎಚ್‌ಪಿ ಓದುವ ಐಎನ್‌ಐ ಸೆಟ್ಟಿಂಗ್ ಫೈಲ್ ಬೇರೆ, ವೆಬ್ ಸರ್ವರ್‌ನದ್ದು ಬೇರೆ. ಒಂದರಲ್ಲಿ ಟೈಮ್‌ಝೋನ್ ಇತ್ತು, ಇನ್ನೊಂದರಲ್ಲಿ ಖಾಲಿ. ಖಾಲಿ ಇದ್ದರೆ ಯುಟಿಸಿ. ಎಕ್ಸ್‌ಎಂಎಲ್ ಫೈಲಿನಲ್ಲೇ ಟೈಮ್‌ಝೋನ್ ಬರೆದೆ. ಪಾಸ್‌ವರ್ಡ್ ಹ್ಯಾಶ್‌ನ ಕಾಸ್ಟ್ (ಪಾಸ್‌ವರ್ಡ್ ಮರೆಮಾಡುವ ಲೆಕ್ಕ ಎಷ್ಟು ಭಾರ ಅನ್ನುವ ಸಂಖ್ಯೆ) ಟೆಸ್ಟಿನಲ್ಲಿ ಮಾತ್ರ 4ಕ್ಕೆ ಇಳಿಸಿದೆ. ಲಾಗಿನ್ ಟೆಸ್ಟ್‌ಗಳು ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತವೆ.

ದಿನ 11

ಈಗ ಪುಟಗಳು. ಪಿಎಚ್‌ಪಿಯಲ್ಲೇ ಒಂದು ಸಣ್ಣ ವೆಬ್ ಸರ್ವರ್ ಇದೆ, 5.4ರಿಂದ. ಟೆಸ್ಟ್ ಶುರುವಾದಾಗ ಅದನ್ನು ಎಬ್ಬಿಸಿ, ಪೋರ್ಟ್ ತೆರೆಯುವವರೆಗೆ ಕಾದು, ಬ್ರೌಸರ್ ಇಲ್ಲದೆ ಪುಟ ಕೇಳುವ ಕರ್ಲ್‌ನಿಂದ ಫಾರ್ಮ್ ಕಳಿಸಿ, ಉತ್ತರ ನೋಡುವುದು. ಕರ್ಲ್ ತಾನಾಗಿ ರೀಡೈರೆಕ್ಟ್ ಹಿಂದೆ ಹೋಗುವುದಿಲ್ಲ, ಹಾಗಾಗಿ 302 (ಬೇರೆ ಪುಟಕ್ಕೆ ಹೋಗು ಅನ್ನುವ ಸ್ಟೇಟಸ್ ಸಂಖ್ಯೆ) ಮತ್ತು ಎಲ್ಲಿಗೆ ಕಳಿಸಿತು ಅನ್ನುವುದು ನೇರವಾಗಿ ಸಿಗುತ್ತದೆ. ದಿನ 2ರಲ್ಲಿ ಆಗದ ಕೆಲಸ ಇಲ್ಲಿ ಆಯಿತು.

ಒಂದು ಕಡೆ ಸಿಕ್ಕಿಕೊಂಡೆ. ಟೆಸ್ಟ್‌ನಲ್ಲಿ ಪುಸ್ತಕ ಸೇರಿಸುತ್ತೇನೆ, ಪುಟ ಕೇಳುತ್ತೇನೆ, ಪುಸ್ತಕ ಇಲ್ಲ ಅನ್ನುತ್ತದೆ. ಸ್ವಲ್ಪ ಹೊತ್ತಿಗೆ ಹೊಳೆಯಿತು. ಸರ್ವರ್ ಬೇರೆ ಪ್ರೊಸೆಸ್, ಅದರ ಕನೆಕ್ಷನ್ ಬೇರೆ. ನನ್ನ ಟ್ರಾನ್ಸಾಕ್ಷನ್ ಇನ್ನೂ ಕಮಿಟ್ ಆಗಿಲ್ಲ, ಅದಕ್ಕೆ ಹೇಗೆ ಕಾಣಬೇಕು? ಪುಟದ ಟೆಸ್ಟ್‌ಗಳಿಗೆ ರೋಲ್‌ಬ್ಯಾಕ್ ಕೈಬಿಟ್ಟೆ. ನಿಜವಾಗಿ ಬರೆದು, ಕೊನೆಗೆ ಟೇಬಲ್ ಖಾಲಿ ಮಾಡುತ್ತೇನೆ. ನಿಧಾನ, ಆದರೆ ಇವು 9 ಮಾತ್ರ.

ದಿನ 13

ಇವತ್ತು ಹೊಸ ಟೆಸ್ಟ್ ಬರೆಯಲಿಲ್ಲ. ಕೋಡನ್ನು ಬೇಕಂತಲೇ ಕೆಡಿಸುತ್ತಾ ಹೋದೆ. ಒಂದು ಕಡೆ ಹೆಚ್ಚು ಅನ್ನುವ ಚಿಹ್ನೆಯನ್ನು ಕಡಿಮೆ ಅಂತ ಮಾಡಿದೆ, ಟೆಸ್ಟ್ ಓಡಿಸಿದೆ, ಕೆಂಪಾಯಿತು (ಫೇಲ್), ಸರಿಮಾಡಿದೆ. ಹೀಗೆ ಒಂದೊಂದೇ ಸಾಲು.

ಸದಸ್ಯರ ಪಟ್ಟಿ ಪುಟದಲ್ಲಿ ಒಂದು ಫಂಕ್ಷನ್ ಹೆಸರು ತಪ್ಪು ಬರೆದೆ. ಪುಟ ಪೂರ್ತಿ ಕೆಡಬೇಕು. ಟೆಸ್ಟ್ ಹಸಿರು! ಆ ಟೆಸ್ಟ್ ನೋಡುತ್ತಿದ್ದದ್ದು ಒಂದೇ ಒಂದು ವಿಷಯ, ಸ್ಟೇಟಸ್ 200, ಅಂದರೆ 'ಎಲ್ಲ ಸರಿ', ಬಂತಾ ಅಂತ. ಎರರ್‌ಗಳನ್ನು ಪುಟದಲ್ಲೇ ತೋರಿಸುವ ಸೆಟ್ಟಿಂಗ್ ಆನ್ ಇದ್ದರೆ ಪಿಎಚ್‌ಪಿ ಫೇಟಲ್ ಎರರ್‌ನ ಸಾಲನ್ನು ಪುಟದಲ್ಲಿ ಬರೆದು, 200 ಅಂತಲೇ ಕಳಿಸುತ್ತದೆ. ಆಫ್ ಇದ್ದರೆ 500, ಅಂದರೆ ಸರ್ವರ್ ಎರರ್, ಕಳಿಸುತ್ತದೆ. ಟೆಸ್ಟ್ ಸರ್ವರ್ ಎಬ್ಬಿಸುವ ಕಮಾಂಡ್‌ನಲ್ಲೇ ಅದನ್ನು ಆಫ್ ಮಾಡಿದೆ, ಎರರ್‌ಗಳನ್ನು ಲಾಗ್ ಫೈಲಿಗೆ ಕಳಿಸಿದೆ. ಪ್ರತಿ ಪುಟದ ಟೆಸ್ಟಿನಲ್ಲೂ ಆಗಷ್ಟೇ ಸೇರಿಸಿದ ಪುಸ್ತಕದ ಅಥವಾ ಸದಸ್ಯರ ಹೆಸರು ಪುಟದಲ್ಲಿ ಇದೆಯಾ ಅಂತಲೂ ನೋಡುವಂತೆ ಮಾಡಿದೆ. ಮತ್ತೆ ಕೆಡಿಸಿ ನೋಡಿದೆ. ಈ ಸಲ ಕೆಂಪು. ಅದನ್ನು ನೋಡಿ ಆದ ಖುಷಿ, ಹಸಿರು ನೋಡಿದಾಗಲೂ ಆಗಿರಲಿಲ್ಲ.

ಹೀಗೆ ಕೆಡಿಸಿದ 26 ಜಾಗಗಳಲ್ಲಿ 4 ಕಡೆ ಯಾವ ಟೆಸ್ಟೂ ಎಚ್ಚರಿಸಲಿಲ್ಲ. ಮೂರಕ್ಕೆ ಟೆಸ್ಟ್ ಸೇರಿಸಿದ್ದೇನೆ.

ದಿನ 14

ಒಟ್ಟು 47 ಟೆಸ್ಟ್, ಸುಮಾರು 6 ಸೆಕೆಂಡ್. ಗಿಟ್‌ನ ಪ್ರೀ-ಪುಶ್ ಹುಕ್‌ನಲ್ಲಿ (ಕೋಡ್ ಹೊರಗೆ ಕಳಿಸುವ ಮುಂಚೆ ಗಿಟ್ ತಾನಾಗಿ ಓಡಿಸುವ ಸ್ಕ್ರಿಪ್ಟ್) ಹಾಕಿದ್ದೇನೆ, ಫೇಲ್ ಆದರೆ ಪುಶ್ ಆಗುವುದಿಲ್ಲ. ಹುಕ್‌ಗಳು ಕ್ಲೋನ್ (ಕೋಡಿನ ನಕಲು) ಜೊತೆ ಬರುವುದಿಲ್ಲ, ಅದಕ್ಕೇ ಹುಕ್ ಫೈಲನ್ನು ಬೇರೆ ಫೋಲ್ಡರ್‌ನಲ್ಲಿಟ್ಟು, ಅದನ್ನು ಎಲ್ಲಿಗೆ ಕಾಪಿ ಮಾಡಬೇಕು ಅಂತ ರೀಡ್‌ಮಿಯಲ್ಲಿ ಒಂದು ಸಾಲು ಬರೆದೆ.

ನಿನ್ನೆ ಉಳಿದ ನಾಲ್ಕನೆಯ ಜಾಗ ಅವಧಿ ವಿಸ್ತರಣೆ ಪುಟ. ತಡವಾದ ಪುಸ್ತಕದ ಅವಧಿ ವಿಸ್ತರಿಸಿದರೆ ಹೊಸ ಗಡುವನ್ನು ಹಳೆಯ ಗಡುವಿನಿಂದ ಎಣಿಸಬೇಕಾ, ಇವತ್ತಿನಿಂದ ಎಣಿಸಬೇಕಾ? ಕೋಡ್ ಒಂದು ಕಡೆ ಹಾಗೆ, ಇನ್ನೊಂದು ಕಡೆ ಹೀಗೆ ಮಾಡುತ್ತಿದೆ. ಇದು ಪುಸ್ತಕ ಬಳಸುವವರನ್ನು ಕೇಳಿ ತೀರ್ಮಾನಿಸಬೇಕಾದ್ದು. ಅಲ್ಲಿಯವರೆಗೆ ಆ ಟೆಸ್ಟಿಗೆ 'ಅಪೂರ್ಣ' ಅಂತ ಗುರುತು ಹಾಕಿದ್ದೇನೆ. ಪ್ರತಿ ಸಲ ರನ್ ಮಾಡಿದಾಗಲೂ ಚುಕ್ಕೆಗಳ ನಡುವೆ ಅದರ 'ಐ' ಅಕ್ಷರ ಕಾಣುತ್ತದೆ. ಭಾನುವಾರ ಎಲ್ಲರೂ ಸಿಗುತ್ತಾರೆ, ಆಗ ಕೇಳುತ್ತೇನೆ.