ಬೇರೆ ಗ್ರಹದಲ್ಲಿ ಜೀವ ಸಿಕ್ಕಿದರೆ ನಮ್ಮ ದೇವರ ಕಥೆ ಏನು?

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಆಕಾಶ ತಿಳಿಯಾಗಿದ್ದ ಸಂಜೆ ಟೆಲಿಸ್ಕೋಪ್ ಹೊತ್ತುಕೊಂಡು ಸುತ್ತಲಿನ ಊರುಗಳಿಗೆ ಹೋಗುತ್ತೇನೆ. ಕೊಡಗಿನಲ್ಲಿ ಮಳೆ ಹಿಡಿದರೆ ಎಷ್ಟೋ ವಾರ ಒಂದು ನಕ್ಷತ್ರವೂ ಕಾಣುವುದಿಲ್ಲ. ಹಾಗಾಗಿ ನನ್ನ ತಿರುಗಾಟವೆಲ್ಲ ಹುತ್ತರಿಯಿಂದ ಯುಗಾದಿವರೆಗೆ. ಹೋದಲ್ಲೆಲ್ಲ ಒಂದೇ ಪ್ರಶ್ನೆ: “ಬೇರೆ ಗ್ರಹದಲ್ಲಿ ಜೀವ ಇದೆ ಅಂತಾದರೆ ದೇವರಿಲ್ಲ ಅಂತಾಯ್ತು, ಅಲ್ವಾ ಟೀಚರ್?” ಕೆಲವರು ಗೆದ್ದ ಖುಷಿಯಲ್ಲಿ ಕೇಳುತ್ತಾರೆ, ಕೆಲವರು ಹೆದರಿಕೊಂಡು.

2025ರ ಏಪ್ರಿಲ್‌ನಲ್ಲಿ ಈ ಪ್ರಶ್ನೆ ಜಾಸ್ತಿಯಾಯಿತು. ಸುಮಾರು 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಎಂಬ ಗ್ರಹದಲ್ಲಿ ಒಂದು ಅನಿಲದ ಸುಳಿವಿದೆ ಎಂದು ಕೇಂಬ್ರಿಡ್ಜ್‌ನ ನಿಕ್ಕು ಮಧುಸೂದನ್ ಅವರ ತಂಡ ಹೇಳಿತ್ತು. ಆ ಅನಿಲದ ಹೆಸರು ಡೈಮಿಥೈಲ್ ಸಲ್ಫೈಡ್. ನಮ್ಮಲ್ಲಿ ಅದು ಹೆಚ್ಚಾಗಿ ಬರುವುದು ಕಡಲಿನ ಸೂಕ್ಷ್ಮಜೀವಿಗಳಿಂದ. ಅದೇ ಮಾಹಿತಿಯನ್ನು ಬೇರೆ ವಿಜ್ಞಾನಿಗಳು ಮತ್ತೆ ಜಾಲಾಡಿ, ಇಷ್ಟಕ್ಕೇ ಆ ಅನಿಲ ಇದೆ ಅನ್ನಲಾಗದು ಎಂದರು. ಆ ಎರಡನೆಯ ಮಾತು ಮಾತ್ರ ಯಾರ ಮೊಬೈಲಿಗೂ ಬರಲಿಲ್ಲ.

ನನ್ನ ಉತ್ತರ: ಇಲ್ಲ, ಹಾಗಾಗುವುದಿಲ್ಲ. ನಾನು ಪೂಜೆ, ವ್ರತ ಮಾಡುವವಳಲ್ಲ. ಆದರೂ ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ದೇವರಿದ್ದಾನೋ ಇಲ್ಲವೋ ಅನ್ನುವುದನ್ನು ಇನ್ನೊಂದು ಗ್ರಹದ ಪಾಚಿ ತೀರ್ಮಾನಿಸುವುದಿಲ್ಲ.

ಯಾಕೆಂದರೆ ನಂಬುವವರು ಬೇರೆ ಲೋಕಗಳಿಗೆ ಎಂದೋ ಜಾಗ ಬಿಟ್ಟಿದ್ದಾರೆ. ‘ಅನಂತಕೋಟಿ ಬ್ರಹ್ಮಾಂಡ ನಾಯಕ’ ಎಂದು ದೇವರನ್ನು ಕರೆಯುವವರು ಆ ಬ್ರಹ್ಮಾಂಡಗಳೆಲ್ಲ ಖಾಲಿ ಬಿದ್ದಿವೆ ಅಂದುಕೊಂಡಿಲ್ಲ. ನನ್ನ ಜೊತೆ ಕೆಲಸ ಮಾಡುವ ಉರ್ದು ಮೇಷ್ಟ್ರು ಕುರಾನಿನ 42ನೇ ಅಧ್ಯಾಯದ 29ನೇ ವಚನ ಓದಿ ಹೇಳಿದರು. ಆಕಾಶಗಳಲ್ಲೂ ಭೂಮಿಯಲ್ಲೂ ದೇವರು ಜೀವಿಗಳನ್ನು ಹರಡಿದ್ದಾನೆ ಎಂದು ಅಲ್ಲಿದೆ. ಕುಶಾಲನಗರದಿಂದ ಕಾವೇರಿ ದಾಟಿದರೆ ಬೈಲಕುಪ್ಪೆ. ಅಲ್ಲಿನ ಒಬ್ಬ ಭಿಕ್ಷು ಬೆರಳು ಮಡಿಸಿ ಲೆಕ್ಕ ಹೇಳಿಕೊಟ್ಟರು: ಸಾವಿರ ಲೋಕಗಳ ಒಂದು ಗುಂಪು, ಅಂಥ ಸಾವಿರ ಗುಂಪು, ಮತ್ತೆ ಅಂಥವು ಸಾವಿರ. ಒಟ್ಟು 100 ಕೋಟಿ ಲೋಕ. ಅವರ ಮುಖದಲ್ಲಿ ಆತಂಕದ ಸುಳಿವೇ ಇರಲಿಲ್ಲ.

ಕ್ರೈಸ್ತರಿಗೆ ತೊಡಕು ಸ್ವಲ್ಪ ಜಾಸ್ತಿ. ದೇವರು ಮನುಷ್ಯನಾಗಿ ಹುಟ್ಟಿ, ಮನುಷ್ಯರ ಪಾಪಕ್ಕಾಗಿ ಪ್ರಾಣ ಕೊಟ್ಟ ಎನ್ನುವುದು ಅವರ ನಂಬಿಕೆಯ ತಿರುಳು. ಹಾಗಾದರೆ ಬೇರೆ ಗ್ರಹದವರಿಗೆ ಯಾರು? 1600ರಲ್ಲಿ ರೋಮ್‌ನಲ್ಲಿ ಜೋರ್ಡಾನೋ ಬ್ರೂನೋ ಎಂಬ ಚಿಂತಕನನ್ನು ಚರ್ಚಿನ ವಿಚಾರಣೆಯ ನಂತರ ಜೀವಂತ ಸುಟ್ಟರು. ಅವನ ಮೇಲಿದ್ದ ಹಲವು ಆರೋಪಗಳಲ್ಲಿ ‘ಲೋಕಗಳು ಲೆಕ್ಕವಿಲ್ಲದಷ್ಟಿವೆ’ ಎಂದದ್ದೂ ಒಂದು. ಆದರೆ ಅದಕ್ಕಿಂತ ಬಹಳ ಹಿಂದೆ, 1277ರಲ್ಲಿ, ದೇವರಿಗೆ ಹಲವು ಲೋಕ ಸೃಷ್ಟಿಸಲು ಬರುವುದಿಲ್ಲ ಎಂಬ ವಾದವನ್ನೇ ಪ್ಯಾರಿಸ್ಸಿನ ಬಿಷಪ್ ಖಂಡಿಸಿದ್ದರು. 2008ರಲ್ಲಿ ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಪಾದ್ರಿ ಹೋಸೆ ಫೂನೆಸ್ ಅವರಂತೂ ಅನ್ಯಲೋಕದ ಜೀವಿಯನ್ನೂ ಸಹೋದರ ಎನ್ನಬಹುದು ಎಂದರು. ಒಂದೇ ಧರ್ಮದೊಳಗೆ ಎಷ್ಟು ದೂರ ಬಂದಿದ್ದಾರೆ ನೋಡಿ.

ದೇವರನ್ನು ನಂಬದವರಲ್ಲೂ ಒಮ್ಮತವಿಲ್ಲ. ಬೇರೆ ನಕ್ಷತ್ರಗಳ ಸುತ್ತ 5,000ಕ್ಕೂ ಹೆಚ್ಚು ಗ್ರಹಗಳು ಸಿಕ್ಕಿವೆ, ಎಲ್ಲೋ ಒಂದು ಕಡೆ ಜೀವ ಇದ್ದೇ ಇರುತ್ತದೆ ಎನ್ನುತ್ತಾರೆ ಕೆಲವರು. ಭೂಮಿಯ ಮೇಲೆ ಜೀವ ಹುಟ್ಟಿ 350 ಕೋಟಿ ವರ್ಷವಾದರೂ, ಅದರಲ್ಲಿ ಬಹುಪಾಲು ಕಾಲ ಕಣ್ಣಿಗೆ ಕಾಣದ ಜೀವಿಗಳೇ ಇದ್ದವು, ಮಾತಾಡುವ ಜೀವಿ ಬಹಳ ಅಪರೂಪ ಎನ್ನುತ್ತಾರೆ ಇನ್ನು ಕೆಲವರು. ಅನ್ನ ಬೆಂದಿದೆಯಾ ಅಂತ ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು. ಆದರೆ ನಮ್ಮ ಕೈಲಿರುವ ಅಗುಳು ನಮ್ಮ ಪಾತ್ರೆಯದು ಮಾತ್ರ. ಪಕ್ಕದ ಮನೆಯ ಪಾತ್ರೆ ಒಲೆ ಮೇಲಿದೆಯೋ ಇಲ್ಲವೋ ಹೇಗೆ ಹೇಳುವುದು?

ನನಗೆ ಈ ವಾದಕ್ಕಿಂತ ಹೆಚ್ಚು ಹತ್ತಿರವಾದದ್ದು ಕಕ್ಕಬ್ಬೆ ಕಡೆಯ ಒಂದು ಸಂಜೆ. 2022ರ ಹುತ್ತರಿ ಕಳೆದು ಒಂದು ವಾರವಾಗಿತ್ತು. ಚಂದ್ರ ತಡವಾಗಿ ಹುಟ್ಟುವ ದಿನಗಳು. ಕಾಫಿ ಕಣದಲ್ಲಿ ಹಣ್ಣನ್ನು ರಾಶಿ ಮಾಡಿ ಟಾರ್ಪಾಲು ಹೊದಿಸಿದ್ದರು. ಅದರ ಪಕ್ಕದಲ್ಲೇ ಟೆಲಿಸ್ಕೋಪ್ ನಿಲ್ಲಿಸಿ ಶನಿಯನ್ನು ತೋರಿಸುತ್ತಿದ್ದೆ. ಮನೆಯ ಅಜ್ಜಿ ಕನ್ನಡಕ ತೆಗೆದು, ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಬಗ್ಗಿದರು. ತುಂಬಾ ಹೊತ್ತು ಏಳಲಿಲ್ಲ. ಎದ್ದವರು ಕೇಳಿದ್ದು, “ಅಲ್ಲಿ ಮಳೆ ಬರುತ್ತದಾ?”

ಮಳೆ ದೇವರು ಇಗ್ಗುತ್ತಪ್ಪನ ಊರಿನವರು ಇನ್ನೇನು ಕೇಳಿಯಾರು! ಶನಿಯ ಪಕ್ಕದ ಸಣ್ಣ ಚುಕ್ಕಿ ತೋರಿಸಿದೆ. ಅದು ಟೈಟನ್, ಶನಿಯ ಚಂದ್ರ. ಅಲ್ಲಿ ಮಳೆ ಬರುತ್ತದೆ, ಹೊಳೆ ಹರಿಯುತ್ತದೆ, ಕೆರೆಗಳಿವೆ. ಆದರೆ ನೀರಲ್ಲ, ದ್ರವ ಮೀಥೇನ್. ಇನ್ನೊಂದು ಚಂದ್ರ ಎನ್ಸೆಲಡಸ್‌ನ ಹಿಮದಡಿ ಉಪ್ಪುನೀರಿನ ಕಡಲಿದೆ. ಆ ನೀರು ಬಿರುಕುಗಳಿಂದ ಚಿಮ್ಮುವುದನ್ನು ಶನಿಯನ್ನು ಸುತ್ತುತ್ತಿದ್ದ ಕ್ಯಾಸಿನಿ ನೌಕೆ ಕಂಡಿತ್ತು.

ಆಮೇಲೆ ಕ್ಯಾಸಿನಿಯ ಕೊನೆಯನ್ನೂ ಹೇಳಿದೆ. ಇಂಧನ ಮುಗಿಯುತ್ತಾ ಬಂದಿತ್ತು. ಹಾಗೇ ಬಿಟ್ಟರೆ ಯಾವತ್ತೋ ಒಂದು ದಿನ ಆ ಚಂದ್ರಗಳಿಗೆ ಬಡಿಯಬಹುದು. ನೌಕೆಗೆ ಅಂಟಿದ್ದ ನಮ್ಮ ಸೂಕ್ಷ್ಮಜೀವಿಗಳು ಅಲ್ಲಿ ಸೇರಿಕೊಳ್ಳಬಹುದು. ಅದಕ್ಕೇ 2017ರ ಸೆಪ್ಟೆಂಬರ್ 15ರಂದು ನೌಕೆಯನ್ನು ಬೇಕೆಂದೇ ಶನಿಯೊಳಗೆ ಧುಮುಕಿಸಿ ಸುಟ್ಟುಹಾಕಿದರು. ಅಲ್ಲಿ ಜೀವ ಇದೆ ಎಂದು ಗೊತ್ತಿರಲಿಲ್ಲ. ಇರಬಹುದು ಅನ್ನುವಷ್ಟಕ್ಕೇ ಹಾಗೆ ಮಾಡಿದರು.

ಅಜ್ಜಿ ಗುಡ್ಡದ ಕಡೆ ಕೈ ತೋರಿಸಿದರು. ಅಲ್ಲಿ ಅವರೂರಿನ ದೇವರಕಾಡು. “ನಾವೂ ಅಲ್ಲಿ ಕತ್ತಿ ಹಾಕುವುದಿಲ್ಲ” ಎಂದರು. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಒತ್ತುವರಿಯಾಗಿ ಎಷ್ಟೋ ಕಿರಿದಾಗಿವೆ, ಅದು ನನ್ನನ್ನು ಸುಡುವ ಸಂಗತಿ. ಉಳಿದಿರುವುದೆಲ್ಲ ಇಂಥ ಒಂದು ಹಿಂಜರಿಕೆಯಿಂದ ಉಳಿದಿದೆ. ಅಜ್ಜಿಗೆ ಅದು ದೇವರ ಜಾಗ. ಕ್ಯಾಸಿನಿಯ ವಿಜ್ಞಾನಿಗಳು ಆ ಪದ ಬಳಸಲಿಲ್ಲ. ಆದರೆ ಇಬ್ಬರೂ ಕೈ ಹಿಂದಕ್ಕೆ ತೆಗೆದುಕೊಂಡರು. ಪ್ರಶ್ನೆ ಕೇಳಿದವರಿಗೆಲ್ಲ ನಾನು ಈಗ ಈ ಕಥೆಯನ್ನೇ ಹೇಳುತ್ತೇನೆ.

ಹೊರಡುವಾಗ ಅಜ್ಜಿ, ಆ ಮಳೆ ಬರುವ ಕಡೆಗೆ ಮತ್ತೆ ಯಾರಾದರೂ ಹೋಗುತ್ತಾರಾ ಎಂದು ಕೇಳಿದರು. ಡ್ರಾಗನ್‌ಫ್ಲೈ ಎಂಬ ನೌಕೆ 2034ಕ್ಕೆ ಟೈಟನ್ ತಲುಪುವ ಯೋಜನೆಯಿದೆ ಎಂದೆ. ಮನಸ್ಸಿನಲ್ಲೇ ಲೆಕ್ಕ ಹಾಕಿದರು.

“ಆಗ ನನಗೆ ಎಂಬತ್ತಾರು. ಬಂದು ಹೇಳು ಟೀಚರೇ, ಇರುತ್ತೇನೆ.”