ಇಷ್ಟು ಓದಿ ಪಂಚಾಯ್ತಿ ಮೆಂಬರ್ ಯಾಕಾದ್ರಿ?

ಮದುವೆ ಮನೆಯಲ್ಲಿ, ಅಡಿಕೆ ಮಂಡಿಯಲ್ಲಿ, ಶಿವಮೊಗ್ಗದ ಬಸ್ಸಿನಲ್ಲಿ, ಎಲ್ಲಿ ಸಿಕ್ಕರೂ ಜನ ಇದನ್ನೇ ಕೇಳುತ್ತಾರೆ. "ಸಾರ್ವಜನಿಕ ಆರೋಗ್ಯದಲ್ಲಿ ಪಿಎಚ್‌ಡಿ ಮಾಡಿದವರು ನೀವು. ಬೆಂಗಳೂರೋ ದೆಹಲಿಯೋ ಸೇರೋದು ಬಿಟ್ಟು ಗ್ರಾಮ ಪಂಚಾಯ್ತಿಗೆ ಯಾಕೆ ನಿಂತ್ರಿ?" ದನಿಯಲ್ಲಿ ಸ್ವಲ್ಪ ಕನಿಕರವೂ ಇರುತ್ತದೆ. ಓದಿದ್ದೆಲ್ಲ ದಂಡ ಆಯ್ತಲ್ಲ ಅಂತ.

ನನ್ನ ಉತ್ತರ ಮಂಗನ ಕಾಯಿಲೆ ಅನ್ನುವ ವೈರಸ್ ಜ್ವರದಿಂದ ಶುರುವಾಗುತ್ತದೆ. ಈ ಕಾಯಿಲೆ ಮೊದಲು ಪತ್ತೆಯಾಗಿದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು, ಅಂದರೆ ಕಾಡಿನ ಉಣ್ಣೆ ಹುಳು, ಕಚ್ಚಿದರೆ ಬರುತ್ತದೆ, ಡಿಸೆಂಬರಿನಿಂದ ಮೇವರೆಗೆ ಜಾಸ್ತಿ ಅನ್ನುವುದು ದಶಕಗಳಿಂದ ಗೊತ್ತಿರುವ ವಿಷಯ. ಅಷ್ಟೆಲ್ಲ ಗೊತ್ತಿದ್ದೂ 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಲಗೋಡು ಸುತ್ತಮುತ್ತ ಕಾಯಿಲೆ ಎದ್ದು ಜನ ಸತ್ತರು. ಇದ್ದ ಹಳೇ ಲಸಿಕೆಯಲ್ಲಿ ಸತ್ವ ಸಾಲದು ಅಂತ 2022ರಲ್ಲಿ ಅದನ್ನೂ ನಿಲ್ಲಿಸಿದರು. ಆಮೇಲೆ ಕೈಯಲ್ಲಿ ಉಳಿದಿದ್ದು ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚುವ ಡೆಪಾ ಎಣ್ಣೆ, ಮಂಗ ಸತ್ತ ಸುದ್ದಿ, ಜ್ವರ ಬಂದ ಕೂಡಲೇ ರಕ್ತ ಪರೀಕ್ಷೆ. ಇವು ಮೂರೂ ಊರೊಳಗೇ ಆಗಬೇಕಾದ ಕೆಲಸ, ಅಲ್ವಾ?

ಅಡಿಕೆ ಕೊಯ್ಲು ನಡೆಯುತ್ತಿರುವಾಗಲೇ ನಮ್ಮ ಕಡೆ ದರಗು ಗುಡಿಸುವ ಕೆಲಸವೂ ಶುರುವಾಗುತ್ತದೆ. ಹೆಂಗಸರು ಬೆಳಗ್ಗೆಯೇ ಸೊಪ್ಪಿನ ಬೆಟ್ಟಕ್ಕೆ ಹೋಗಿ, ಒಣಗಿದೆಲೆ ಗುಡಿಸಿ, ಹೊರೆ ಕಟ್ಟಿ ತಲೆ ಮೇಲೆ ಹೊತ್ತು ತರುತ್ತಾರೆ. ಅದು ಕೊಟ್ಟಿಗೆಗೆ ಬೀಳಬೇಕು, ಗೊಬ್ಬರ ಆಗಬೇಕು, ತೋಟಕ್ಕೆ ಹೋಗಬೇಕು. ಮರಿ ಉಣುಗುಗಳು ಇರುವುದೂ ಆ ಎಲೆಯಲ್ಲೇ. ಎಳ್ಳಿಗಿಂತ ಸಣ್ಣವು, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಎಣ್ಣೆ ಬಾಟಲಿ ಫೆಬ್ರವರಿಯಲ್ಲಿ ಬಂದರೆ ಏನು ಬಂತು? ಅಷ್ಟರಲ್ಲಿ ಅರ್ಧ ದರಗು ಕೊಟ್ಟಿಗೆ ಸೇರಿರುತ್ತದೆ.

ಸಂಶೋಧಕಿಯಾಗಿ ನಾನು ಇದನ್ನು ವರದಿಯಲ್ಲಿ ಬರೆಯಬಹುದು. ಬರೆದರೆ ಓದಿ ತಲೆದೂಗುತ್ತಾರೆ. ಅದೇ ಮಾತು ಗ್ರಾಮಸಭೆಯ ನಡಾವಳಿಯಲ್ಲಿ ಬಂದು, ಪಿಡಿಒ ಸಹಿಯಾಗಿ, ನವೆಂಬರಿನಲ್ಲೇ ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಗೆ ಹೋದರೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ.

ಮಂಗ ಸತ್ತಾಗಿನ ಕತೆ ಇನ್ನೂ ತೊಡಕಿನದು. ಮಂಗ ಸತ್ತರೆ ಉಣುಗು ಅದರ ಮೈ ಬಿಟ್ಟು ನೆಲಕ್ಕೆ ಇಳಿಯುತ್ತದೆ. ತಡ ಮಾಡದೆ ಹೇಳಿದರೆ ಸುತ್ತ ಉಣುಗು ಸಾಯಿಸುವ ಮೆಲಾಥಿಯಾನ್ ಪುಡಿ ಹಾಕಿಸಬಹುದು. ಆದರೆ ಜನ ಹೇಳುವುದಿಲ್ಲ. ಕೆಲವರು ಆಂಜನೇಯ ಅಂತ ಅರಿಶಿನ ಕುಂಕುಮ ಹಾಕಿ ಮಣ್ಣು ಮಾಡಿಬಿಡುತ್ತಾರೆ. ಇನ್ನು ಕೆಲವರಿಗೆ ಬೇರೆಯೇ ಭಯ. ಇಲಾಖೆಯವರು ಬಂದು ಬೆಟ್ಟಕ್ಕೆ ಹೋಗಬೇಡಿ ಅಂದರೆ ತೋಟಕ್ಕೆ ಗೊಬ್ಬರ ಎಲ್ಲಿಂದ? ಈ ಭಯ ಪೋಸ್ಟರ್ ಅಂಟಿಸಿದರೆ ಹೋಗುವಂಥದ್ದಲ್ಲ. ವಾರ್ಡಿನ ಮೆಂಬರ್ ಮನೆಗೆ ಹೋಗಿ, "ಬೆಟ್ಟಕ್ಕೆ ಹೋಗ್ಬೇಡಿ ಅನ್ನಲ್ಲ ಅಕ್ಕಾ, ಆ ಜಾಗ ಒಂದು ಬಿಟ್ಟು, ಎಣ್ಣೆ ಹಚ್ಕೊಂಡು ಹೋಗಿ" ಅಂದರೆ ಆಗ ಸುದ್ದಿ ಹೊರಗೆ ಬರುತ್ತದೆ. ಎಲ್ಲರಿಂದಲೂ ಅಲ್ಲ.

1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಪಂಪಿನ ನೀರಿನಿಂದ ಕಾಲರಾ ಹರಡುತ್ತಿದೆ ಎಂದು ಅಲ್ಲಿನ ವೈದ್ಯ ಜಾನ್ ಸ್ನೋ ತೋರಿಸಿದ್ದು ನಮ್ಮ ಓದಿನಲ್ಲಿ ಮೊದಲ ಪಾಠ. ಆ ಪಂಪಿನ ಹಿಡಿ ಬಿಚ್ಚಿಸಿದ್ದು ಮಾತ್ರ ಸ್ನೋ ಅಲ್ಲ, ಅವರ ಮಾತು ಕೇಳಿದ ಸ್ಥಳೀಯ ಮಂಡಳಿ. ಪಾಠ ಮಾಡುವಾಗ ಆ ಮಂಡಳಿಯ ವಿಷಯ ಒಂದೇ ಸಾಲಿನಲ್ಲಿ ಮುಗಿದು ಹೋಗುತ್ತದೆ. ನನಗೆ ಆ ಸಾಲಿನ ಮೇಲೇ ಕಣ್ಣು.

ಹಾಗಂತ ಮೆಂಬರ್ ಕೈಯಲ್ಲಿ ಭಾರೀ ಅಧಿಕಾರ ಇದೆ ಅಂದುಕೊಳ್ಳಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ನಮ್ಮ ಕೈಕೆಳಗಿನವರಲ್ಲ. ಗ್ರಾಮ ಆರೋಗ್ಯ ಸಮಿತಿಯ ಖರ್ಚಿಗೆ ಅಂತ ಇರುವುದು ವರ್ಷಕ್ಕೆ 10,000 ರೂಪಾಯಿ. ಆದರೆ ಕುಡಿಯುವ ನೀರು ನಮ್ಮದು, ಚರಂಡಿ ನಮ್ಮದು. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಪಾಲು ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ನೀರುಗಂಟಿಗೆ ಸಂಬಳ ಸರಿಯಾಗಿ ಆಯಿತಾ ಎಂದು ನೋಡುವುದೂ ಆರೋಗ್ಯದ ಕೆಲಸವೇ. ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲದಿರುವುದು ನನ್ನಂಥವಳಿಗೆ ಅನುಕೂಲ. ಒಳಗೊಳಗೆ ಯಾರು ಯಾವ ಪಕ್ಷ ಅಂತ ಎಲ್ಲರಿಗೂ ಗೊತ್ತು, ಅದು ಬೇರೆ ಮಾತು.

ನಾನು ಎಂಬಿಬಿಎಸ್ ಅಲ್ಲ ಅಂತ ಎಷ್ಟು ಹೇಳಿದರೂ ನಮ್ಮೂರಲ್ಲಿ ನಾನು ಡಾಕ್ಟ್ರಮ್ಮನೇ. ಮಂಡಿ ನೋವಿಗೆ ಮಾತ್ರೆ ಕೇಳಿಕೊಂಡು ಬರುತ್ತಾರೆ. ಬಂದವರು ಹೋಗುವಾಗ ಬೀದಿ ದೀಪದ ವಿಷಯ ಹೇಳಿ ಹೋಗುತ್ತಾರೆ.

ವಿಶ್ವವಿದ್ಯಾಲಯದ ಗೆಳೆಯರ ಪ್ರಶ್ನೆ ಇನ್ನೊಂದು ಥರ. "ನಿನ್ನ ವಾರ್ಡೇ ಇದೆಯಲ್ಲ, ಅಲ್ಲೇ ಅಧ್ಯಯನ ಮಾಡಬಹುದಲ್ಲ?" ಮಾಡುವುದಿಲ್ಲ. ವಸತಿ ಯೋಜನೆಯ ಪಟ್ಟಿಯಲ್ಲಿ ಹೆಸರು ಬರಲಿ ಅಂತ ಕಾಯುತ್ತಿರುವ ಮನೆಯವರ ಹತ್ತಿರ ನಾನು ರಕ್ತದ ಮಾದರಿ ಕೇಳಿದರೆ ಅವರು ಬೇಡ ಅನ್ನುವುದು ಹೇಗೆ? ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರ ಸರಿಯಾಗಿಯೇ ಇರುತ್ತದೆ, ಒಪ್ಪಿಗೆ ಇರುವುದಿಲ್ಲ. ಅದಕ್ಕೇ ನನ್ನ ಸಂಶೋಧನೆಗೆ ಬೇರೆ ತಾಲ್ಲೂಕಿಗೆ ಹೋಗುತ್ತೇನೆ. ಅಲ್ಲಿ ಯಾರ ಮನೆ ಬಿಲ್ಲೂ ನನ್ನ ಕೈಯಲ್ಲಿಲ್ಲ. ಇಷ್ಟ ಇಲ್ಲದವರು ನೆಟ್ಟಗೆ ಬೇಡ ಅಂತ ಹೇಳಿ ಕಳಿಸುತ್ತಾರೆ.