ಚೀಟಿ ಒಯ್ಯುವ ಹುಡುಗಿ

ನಮ್ಮ ಕನ್ನಡ ಮಾಸ್ತರರು ತೀರಿಕೊಂಡ ಸುದ್ದಿ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಬಂತು. ಅವರು ಮಾಡಿದ ಪಾಠ ಒಂದೂ ನೆನಪಿಲ್ಲ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಅವರ ಕರಿ ಕೊಡೆ ಕಾಣೆಯಾದದ್ದು ಮಾತ್ರ ಮರೆತಿಲ್ಲ.

ಆಗ ಒಂಬತ್ತನೇ ಇಯತ್ತೆ. ಕೊಡೆ ಬಚ್ಚಿಟ್ಟವರು ಇಬ್ಬರು ಗೆಳತಿಯರು. ಸಿಕ್ಕಿಬಿದ್ದ ಮೇಲೆ ಒಬ್ಬರ ಮೇಲೊಬ್ಬರು ತಪ್ಪು ಹಾಕಿ ಮಾತು ಬಿಟ್ಟರು. ಅವರ ನಡುವೆ ಚೀಟಿ ಒಯ್ಯುವವಳು ನಾನು. ಮಾಸ್ತರರು ಚೀಟಿ ಸಮೇತ ನನ್ನನ್ನು ಹಿಡಿದರು. ಬೈಯಲಿಲ್ಲ. "ಅವರಿಗೆ ಬಾಯಿ ಇಲ್ಲೇನವ್ವಾ? ನೀ ಯಾಕ ಪೋಸ್ಟಮನ್ ಆಗ್ತೀ? ಎದುರಾಬದುರಾ ನಿಂತು ಜಗಳಾ ಆಡ್ಲಿ ಬಿಡು" ಅಂದರು.

ಅಪ್ಪ ಅವ್ವ ಬೇರೆಯಾಗಿ ಆಗಿನ್ನೂ ವರ್ಷ ಆಗಿರಲಿಲ್ಲ. ಅವ್ವ ಧಾರವಾಡದಲ್ಲಿ, ಅಪ್ಪ ಹುಬ್ಬಳ್ಳಿಯಲ್ಲಿ. ಶನಿವಾರ ಬಸ್ ಹತ್ತುವಾಗ ಅವ್ವ ಹೇಳುತ್ತಿದ್ದಳು, "ಫೀ ತುಂಬ್ಲಿಕ್ಕೆ ಹೇಳು ನಿಮ್ಮಪ್ಪಗ." ರವಿವಾರ ಸಂಜೆ ಅಪ್ಪನ ಉತ್ತರ ಹೊತ್ತು ಬರುತ್ತಿದ್ದೆ. ಅದರಲ್ಲಿನ ಸಿಟ್ಟು ತೆಗೆದು, ಮೆತ್ತಗೆ ಮಾಡಿ ಹೇಳಬೇಕಲ್ವಾ? ನವಲೂರು ದಾಟುವಷ್ಟರಲ್ಲಿ ಮಾತು ತಯಾರಿರುತ್ತಿತ್ತು.

ಹೀಗೆ ಬೆಳೆದವರಿಗೆ ಮುಂದೆ ಸಂಗಾತಿಯ ಜತೆ ಸಣ್ಣ ಜಟಾಪಟಿಯಾದರೂ ಎಲ್ಲ ಮುಗಿಯಿತು ಅನಿಸುತ್ತದೆ. ಬೇಕಾದ್ದನ್ನು ಬಾಯಿಬಿಟ್ಟು ಕೇಳುವುದಿಲ್ಲ. ಸುಮ್ನೆ ಮುಖ ನೋಡಿ ಮಾತು ಅಳೆಯುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಜೂಡಿತ್ ವಾಲರ್‌ಸ್ಟೈನ್ 1971ರಲ್ಲಿ ವಿಚ್ಛೇದನವಾದ 60 ಕುಟುಂಬಗಳ 131 ಮಕ್ಕಳಿಂದ ಅಧ್ಯಯನ ಶುರು ಮಾಡಿ, 25 ವರ್ಷ ನಡೆಸಿದರು. ಪೆಟ್ಟು ಜಾಸ್ತಿ ಕಂಡದ್ದು ಮಕ್ಕಳು ದೊಡ್ಡವರಾಗಿ ಸಂಗಾತಿ ಹುಡುಕುವಾಗ ಅಂದರು. ನೋಡಿದ ಕುಟುಂಬಗಳು ಕಡಿಮೆ ಅಂತ ಬೇರೆ ಸಂಶೋಧಕರು ತಕರಾರು ತೆಗೆದರು, ಅದೂ ಸರಿಯೇ. ಎಲ್ಲರೂ ಹೀಗಾಗುವುದಿಲ್ಲ. ಆದರೆ ಜಗಳವಾಡಿ ಮತ್ತೆ ಒಂದಾಗುವುದನ್ನು ಇಂಥ ಎಷ್ಟೋ ಮಕ್ಕಳು ಮನೆಯಲ್ಲಿ ನೋಡಿರುವುದೇ ಇಲ್ಲ. ಕಲಿಯುವುದು ಎಲ್ಲಿಂದ?

ನಾನು ಕಲಿತದ್ದು ಆ ವರ್ಗದಲ್ಲಿ. ಮಾಸ್ತರರು ಆ ಇಬ್ಬರು ಗೆಳತಿಯರನ್ನೂ ಎದುರುಬದುರು ನಿಲ್ಲಿಸಿದರು. ಇಬ್ಬರೂ ಕೂಗಾಡಿದರು, ಅತ್ತರು, ಮಧ್ಯಾಹ್ನ ಒಂದೇ ಡಬ್ಬಿಯಲ್ಲಿ ರೊಟ್ಟಿ ಪಲ್ಯ ತಿಂದರು. ಜಗಳವಾಡಿದವರು ಮತ್ತೆ ಕೂಡಿ ಉಣ್ಣುವುದನ್ನು ನಾನು ನೋಡಿದ್ದು ಅದೇ ಮೊದಲು.

ಈಗ ಹುಬ್ಬಳ್ಳಿಯಲ್ಲಿ ಆಪ್ತ ಸಮಾಲೋಚಕಿಯಾಗಿದ್ದೇನೆ. ಮದುವೆ ಗೊತ್ತಾದ ಹುಡುಗ ಹುಡುಗಿಯರು ಗದಗ, ಹಾವೇರಿಯಿಂದಲೂ ನನ್ನನ್ನೇ ಕೇಳಿಕೊಂಡು ಬರುತ್ತಾರೆ, ಅದು ನನಗೆ ಹೆಮ್ಮೆ. ಗಂಡನ ಮೇಲೆ ಸಿಟ್ಟು ಬಂದರೆ ಅತ್ತೆಯ ಕೈಲಿ ಹೇಳಿಕಳಿಸುವುದಿಲ್ಲ. ಎದುರು ಕೂತು "ನನಗ ಬ್ಯಾಸರಾಗೇದ" ಅನ್ನುತ್ತೇನೆ.

ಈಗ ಪಾಲಕರ ಸಭೆಯೆಂದರೆ ಬರೀ ಮಾರ್ಕ್ಸಿನ ಲೆಕ್ಕ. ಮಗು ಯಾಕೆ ಮಂಕಾಗಿದೆ ಅಂತ ವಿಚಾರಿಸುವಷ್ಟು ಪುರುಸೊತ್ತು ಮಾಸ್ತರರಿಗೆ, ಅಕ್ಕೋರಿಗೆ ಎಲ್ಲಿ ಕೊಟ್ಟಿದ್ದೇವೆ? ನಮ್ಮ ಶಾಲೆ ವಾರಕ್ಕೊಂದು ಪೀರಿಯಡ್ ಬಿಟ್ಟುಕೊಟ್ಟರೆ ನಾನೇ ಬಂದು ಮಕ್ಕಳ ಜತೆ ಕೂರುತ್ತೇನೆ. ಶನಿವಾರ ಬೆಳಗಿನ ಶಾಲೆಯಾದರೆ ನನಗೂ ಅನುಕೂಲ.